ಗೋಡೆಯೋ, ರ‍್ಯಾಕೋ, ಬೀರುವೋ: ಮನೆಯ ಸಲಕರಣೆಗಳಿಗೆ ಜಾಗ ಆರಿಸುವ ಬಗೆ

ಕಾರ್ ಶೆಡ್ಡಿನ ಮೂಲೆಯಲ್ಲೋ ಮೆಟ್ಟಿಲ ಕೆಳಗಿನ ಕೋಣೆಯಲ್ಲೋ ಡ್ರಿಲ್ ಮೆಷಿನ್, ಸ್ಪ್ಯಾನರು, ಗರಗಸ, ಮೊಳೆ ಡಬ್ಬಿ, ಅರ್ಧ ಉಳಿದ ಪೇಂಟು, ಬದಲಿಸಿದ ಹಳೆಯ ನಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿರುವ ಮನೆಗಳು ಬಹಳ. ಒಂದು ದಿನ ಇದಕ್ಕೊಂದು ವ್ಯವಸ್ಥೆ ಮಾಡಲೇಬೇಕು ಎಂದು ಹೊರಟವರ ಮುಂದೆ ನಾಲ್ಕೈದು ದಾರಿಗಳು ತೆರೆದುಕೊಳ್ಳುತ್ತವೆ: ಗೋಡೆಗೆ ಪೆಗ್‌ಬೋರ್ಡ್ ಹಾಕಿಸುವುದೋ, ಆಂಗಲ್ ರ‍್ಯಾಕ್ ತರುವುದೋ, ಕಬ್ಬಿಣದ ಬೀರು ಕೊಳ್ಳುವುದೋ, ಚಕ್ರವಿರುವ ಟ್ರಾಲಿಯೋ, ಅಥವಾ ಒಂದು ದೊಡ್ಡ ಟೂಲ್ ಬಾಕ್ಸ್ ಇದ್ದರೆ ಸಾಕೋ? ಪ್ರತಿಯೊಂದನ್ನೂ ಹೊಗಳುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ಪರದೇಶದ ಅಗಲವಾದ, ಬಾಗಿಲು ಮುಚ್ಚಿದ, ಮರದ ಚೌಕಟ್ಟಿನ ಗೋಡೆಗಳಿರುವ ಗ್ಯಾರೇಜುಗಳಲ್ಲಿ ತೆಗೆದವು. ನಮ್ಮಲ್ಲಿ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿದರೆ ವಿಜಯಪುರದಲ್ಲಿ ಸುಮಾರು 600 ಮಿ.ಮೀ. ಬೀಳುತ್ತದೆ, ಒಂದು ಮನೆ ಮುರಕಲ್ಲಿನದು, ಇನ್ನೊಂದು ಸಿಮೆಂಟ್ ಬ್ಲಾಕಿನದು, ಮತ್ತೊಂದು ಬಾಡಿಗೆಯದು. ಹೀಗಿರುವಾಗ ಯಾವುದು ಉತ್ತಮ ಎನ್ನುವುದಕ್ಕಿಂತ ನಿಮ್ಮ ಗೋಡೆಗೆ, ನಿಮ್ಮ ಊರಿನ ಹವೆಗೆ ಯಾವುದು ಹೊಂದುತ್ತದೆ ಎಂದು ಕೇಳಿಕೊಳ್ಳುವುದೇ ಸರಿಯಾದ ಆರಂಭ.

ಏನನ್ನಾದರೂ ಕೊಳ್ಳುವ ಮೊದಲು ಇರುವುದನ್ನೆಲ್ಲ ಒಮ್ಮೆ ಹೊರಗೆ ಹಾಕಿ ನೋಡಬೇಕು. ಆಯುಧ ಪೂಜೆಗೆ ಹೇಗೂ ಸಲಕರಣೆಗಳನ್ನೆಲ್ಲ ಹೊರತೆಗೆದು ಒರೆಸಿ ಸಾಲಾಗಿ ಜೋಡಿಸುವ ರೂಢಿ ನಮ್ಮಲ್ಲಿದೆ. ಮಳೆಯೂ ಹಿಂದೆ ಸರಿಯುತ್ತಿರುವ ಆ ಹೊತ್ತು ಈ ವಿಂಗಡಣೆಗೆ ಹೇಳಿ ಮಾಡಿಸಿದಂತಿದೆ. ವಾರಕ್ಕೊಮ್ಮೆಯಾದರೂ ಕೈಗೆ ಬೇಕಾಗುವುದು, ವರ್ಷದಲ್ಲಿ ಕೆಲವೇ ಸಲ ಬೇಕಾಗುವುದು, ಇನ್ನು ಯಾರಿಗೂ ಬೇಡವಾದದ್ದು ಎಂದು ಮೂರು ರಾಶಿ ಮಾಡಿ, ಮೂರನೆಯದನ್ನು ಗುಜರಿಯವರಿಗೆ ಕೊಟ್ಟುಬಿಟ್ಟರೆ ಕೊಳ್ಳಬೇಕಾದ ಸಾಮಾನೇ ಕಡಿಮೆಯಾಗುತ್ತದೆ. ಡಬ್ಬಿ ಮತ್ತು ರ‍್ಯಾಕುಗಳನ್ನು ಮೊದಲೇ ತಂದು, ಆಮೇಲೆ ಅವುಗಳಿಗೆ ತಕ್ಕಂತೆ ಸಾಮಾನು ತುಂಬುವ ಕ್ರಮದಲ್ಲಿ ಹಣವೂ ಜಾಗವೂ ವ್ಯರ್ಥವಾಗುತ್ತವೆ.

ಯಾವುದನ್ನು ಆಧರಿಸಿ ತೂಗಬೇಕು

ನನ್ನ ಲೆಕ್ಕದಲ್ಲಿ ಮೊದಲ ಪ್ರಶ್ನೆ ತೇವದ್ದು. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದ ಮೇಲೆ ಬಣ್ಣವಿಲ್ಲದ ಉಕ್ಕು ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಗಾಳಿಯಲ್ಲಿ ಉಪ್ಪಿನಂಶವೂ ಇದ್ದರೆ ಅದಕ್ಕಿಂತ ಕಡಿಮೆ ತೇವದಲ್ಲಿಯೇ ತುಕ್ಕು ಶುರುವಾಗುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಮಳೆಗಾಲವಿಡೀ ತೇವಾಂಶ ಈ ಮಿತಿಗಿಂತ ಎಷ್ಟೋ ಮೇಲಿರುತ್ತದೆ. ಕಲಬುರಗಿ, ರಾಯಚೂರಿನವರಿಗೆ ಈ ಕಾಟ ಕಡಿಮೆ. ಅಲ್ಲಿಯ ಶತ್ರು ಧೂಳು ಮತ್ತು ಬಿಸಿಲು. ಆದ್ದರಿಂದ ಸಲಕರಣೆ ತೆರೆದಿರಬೇಕೋ ಮುಚ್ಚಿರಬೇಕೋ ಎನ್ನುವುದು ಅಂದದ ಪ್ರಶ್ನೆಯಲ್ಲ, ಊರಿನ ಪ್ರಶ್ನೆ.

ಎರಡನೆಯದು ಭಾರ ಮತ್ತು ಅದನ್ನು ಹೊರುವ ಗೋಡೆ. ಸುತ್ತಿಗೆ, ಇಕ್ಕಳ, ಗರಗಸ, ಹತ್ತಾರು ಸ್ಪ್ಯಾನರುಗಳ ಒಟ್ಟು ತೂಕ ಹತ್ತು ಕಿಲೋ ಆಸುಪಾಸಿನಲ್ಲಿ ಮುಗಿಯಬಹುದು. ಆದರೆ ಒಂದು ಲೀಟರಿನ ಡಬ್ಬಿಯ ತುಂಬ ಮೊಳೆ ತುಂಬಿದರೆ ಅದೊಂದೇ ಮೂರು ಕಿಲೋ ಮುಟ್ಟುತ್ತದೆ. 20 ಲೀಟರಿನ ಪೇಂಟ್ ಬಕೆಟ್ಟು ತುಂಬಿದ್ದಾಗ ಒಬ್ಬರು ಎತ್ತಲು ಕಷ್ಟಪಡುವಷ್ಟು ಭಾರ. ಸಿಮೆಂಟ್ ಚೀಲವಂತೂ 50 ಕಿಲೋ. ಹಗುರವಾದದ್ದನ್ನು ಗೋಡೆಗೂ ಭಾರವಾದದ್ದನ್ನು ನೆಲಕ್ಕೂ ಒಪ್ಪಿಸುವುದು ಬಹುತೇಕ ಎಲ್ಲ ಮನೆಗಳಿಗೂ ಹೊಂದುವ ನಿಯಮ.

ಮೂರನೆಯದು ಆಳ. ಹತ್ತಡಿ ಅಗಲದ ಶೆಡ್ಡನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಣ್ಣ ಕಾರಿನ ಅಗಲ ಸುಮಾರು 1.7 ಮೀಟರ್, ಎಂದರೆ 67 ಇಂಚು. ಹತ್ತಡಿಯಲ್ಲಿ ಅದನ್ನು ಕಳೆದರೆ ಉಳಿಯುವುದು 53 ಇಂಚು. ಬಾಗಿಲು ತೆರೆದು ಮನುಷ್ಯ ಇಳಿಯಲು ಎರಡಡಿಯಾದರೂ ಬೇಕು. ಎರಡೂ ಬದಿಯಲ್ಲಿ ಇಳಿಯಬೇಕೆಂದರೆ ಉಳಿಯುವುದು ಐದು ಇಂಚು. ಅಲ್ಲಿ ಗೋಡೆಗೆ ಅಂಟಿಕೊಂಡ ಹಲಗೆಯೊಂದಕ್ಕೆ ಮಾತ್ರ ಅವಕಾಶ. ಉಳಿದವರನ್ನು ಗೇಟಿನ ಹೊರಗೇ ಇಳಿಸಿ ಕಾರನ್ನು ಎಡಗೋಡೆಗೆ ಒತ್ತಿ ನಿಲ್ಲಿಸುವ ಅಭ್ಯಾಸವಿದ್ದರೆ ಬಲಗೋಡೆಯ ಬಳಿ 15ರಿಂದ 18 ಇಂಚು ಆಳದ ರ‍್ಯಾಕ್ ನಿಲ್ಲಬಹುದು. ಅಂಗಡಿಗೆ ಹೋಗುವ ಮೊದಲು ಕಾರನ್ನು ನಿಲ್ಲಿಸಿ, ಬಾಗಿಲು ತೆರೆದು, ಟೇಪು ಹಿಡಿದು ಅಳೆಯುವುದನ್ನು ಯಾರೂ ತಪ್ಪಿಸಬಾರದು.

ಇವಲ್ಲದೆ ಬಾಡಿಗೆ ಮನೆಯೋ ಸ್ವಂತದ್ದೋ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೋ, ಶೆಡ್ಡಿಗೆ ಬಾಗಿಲಿದೆಯೋ ಇಲ್ಲವೋ ಎನ್ನುವುವೂ ಲೆಕ್ಕಕ್ಕೆ ಬರುತ್ತವೆ. ಹಣದ ಮಾತು ಕೊನೆಯಲ್ಲಿ ಬರುತ್ತದೆ, ಏಕೆಂದರೆ ಇಲ್ಲಿ ಅಗ್ಗದ ಆಯ್ಕೆಯೇ ಸರಿಯಾದ ಆಯ್ಕೆಯಾಗಿರುವ ಸಂದರ್ಭಗಳು ಸಾಕಷ್ಟಿವೆ.

ಗೋಡೆಗೆ ತೂಗುಹಾಕುವುದು

ಕಣ್ಣಿಗೆ ಕಾಣುವ ಸಲಕರಣೆ ಕೈಗೂ ಬೇಗ ಸಿಗುತ್ತದೆ, ಇಲ್ಲದಿರುವುದೂ ತಕ್ಷಣ ಗೊತ್ತಾಗುತ್ತದೆ. ಗೋಡೆಯ ಹಲಗೆಯ ದೊಡ್ಡ ಗುಣ ಇದು. ಇದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ತೂತುಗಳ ಪೆಗ್‌ಬೋರ್ಡ್. ಹಾರ್ಡ್‌ಬೋರ್ಡಿನದು ಅಗ್ಗ, ಆದರೆ ತೇವ ಹೀರಿ ಉಬ್ಬುತ್ತದೆ, ತೂತು ಅಗಲವಾಗಿ ಹುಕ್ಕುಗಳು ಸಡಿಲಗೊಳ್ಳುತ್ತವೆ. ಕರಾವಳಿ, ಮಲೆನಾಡಿನವರು ಅದನ್ನು ಕೊಳ್ಳದಿರುವುದೇ ಲೇಸು. ಪೌಡರ್ ಕೋಟಿಂಗ್ ಮಾಡಿದ ಉಕ್ಕಿನ ಬೋರ್ಡು ಬಾಳಿಕೆ ಬರುತ್ತದೆ. ತೂತಿನ ಅಳತೆ ಮತ್ತು ಅಂತರ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಬದಲಾಗುವುದರಿಂದ ಬೋರ್ಡು, ಹುಕ್ಕು ಎರಡನ್ನೂ ಒಟ್ಟಿಗೆ ಕೊಳ್ಳಬೇಕು; ಹತ್ತು ಹುಕ್ಕು ಹೆಚ್ಚಿಗೆ ತಂದಿಟ್ಟುಕೊಂಡರೆ ಮುಂದೆ ಅಲೆಯುವುದು ತಪ್ಪುತ್ತದೆ. ಸುತ್ತಿಗೆ ತೆಗೆಯುವಾಗ ಹುಕ್ಕೂ ಜತೆಯಲ್ಲೇ ಕಿತ್ತುಬರುವುದು ಇದರ ಹಳೆಯ ಕಿರಿಕಿರಿ. ಹುಕ್ಕಿಗೆ ಹಿಡಿತದ ಕ್ಲಿಪ್ಪು ಇದೆಯೇ ಎಂದು ಅಂಗಡಿಯಲ್ಲೇ ಎಳೆದು ನೋಡಬಹುದು.

ಎರಡನೆಯದು ಸಾದಾ ಪ್ಲೈವುಡ್ ಹಲಗೆ. ನಾಲ್ಕಡಿ ಉದ್ದ, ಮೂರಡಿ ಎತ್ತರದ 12 ಮಿ.ಮೀ. ಪ್ಲೈವುಡ್ ತುಂಡೊಂದನ್ನು ಗೋಡೆಗೆ ಬಿಗಿದು, ಸಲಕರಣೆಗಳನ್ನು ಒಂದೊಂದಾಗಿ ಇಟ್ಟು ನೋಡಿ, ಮೊಳೆ ಅಥವಾ ಸ್ಕ್ರೂ ಹೊಡೆದು ತೂಗುಹಾಕುವುದು. ಪ್ರತಿಯೊಂದರ ಸುತ್ತ ಮಾರ್ಕರಿನಿಂದ ಆಕಾರದ ಗೆರೆ ಎಳೆದರೆ ಯಾವುದು ವಾಪಸ್ ಬಂದಿಲ್ಲ ಎಂದು ಖಾಲಿ ಗೆರೆಯೇ ಹೇಳುತ್ತದೆ. ಪ್ರತಿಯೊಂದು ವಸ್ತುವಿಗೂ ಗೊತ್ತಾದ ಜಾಗವಿರಬೇಕೆನ್ನುವ ಜಪಾನಿನ 5ಎಸ್ ಪದ್ಧತಿ ಅನುಸರಿಸುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ಮನೆಯಲ್ಲಿ ಬಡಗಿ ಕೆಲಸ ಆಗುತ್ತಿದ್ದರೆ ಉಳಿದ ತುಂಡುಗಳಲ್ಲೇ ಈ ಹಲಗೆ ಹುಟ್ಟುತ್ತದೆ. ಪೆಗ್‌ಬೋರ್ಡಿನಲ್ಲಿ ಜಾಗ ಬದಲಾಯಿಸುವುದು ಸುಲಭ ಎನ್ನುವುದು ನಿಜ. ಆದರೆ ಒಮ್ಮೆ ಕೂಡಿಸಿದ ಮೇಲೆ ವರ್ಷಗಟ್ಟಲೆ ಯಾರೂ ಬದಲಾಯಿಸುವುದಿಲ್ಲವೆಂಬುದೂ ಅಷ್ಟೇ ನಿಜ. ಹೀಗಾಗಿ ಸ್ವಂತ ಮನೆಯವರಿಗೆ ಪೆಗ್‌ಬೋರ್ಡಿಗಿಂತ ಈ ಹಲಗೆಯನ್ನೇ ನಾನು ಮೇಲಿಡುತ್ತೇನೆ. ತೇವದ ಊರಿನಲ್ಲಿ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಕೇಳಿ ತೆಗೆದುಕೊಳ್ಳಿ. ಹಲಗೆಯನ್ನು ಗೋಡೆಗೆ ನೇರವಾಗಿ ಅಂಟಿಸದೆ ಹಿಂದೆ ಅರ್ಧ ಇಂಚಿನ ರೀಪರ್ ಪಟ್ಟಿ ಕೊಟ್ಟರೆ ಗಾಳಿಯಾಡುತ್ತದೆ, ಗೆದ್ದಲು ಬಂದರೂ ಬೇಗ ಕಣ್ಣಿಗೆ ಬೀಳುತ್ತದೆ.

ಮೂರನೆಯದು ಫ್ರೆಂಚ್ ಕ್ಲೀಟ್. 45 ಡಿಗ್ರಿ ಓರೆಯಾಗಿ ಕತ್ತರಿಸಿದ ಪಟ್ಟಿಗಳನ್ನು ಗೋಡೆಗೆ ಅಡ್ಡಲಾಗಿ ಹೊಡೆದು, ಅದಕ್ಕೆ ಎದುರು ಓರೆಯಿರುವ ಸಣ್ಣ ಕಪಾಟು, ಗೂಡುಗಳನ್ನು ಸಿಕ್ಕಿಸುವ ವ್ಯವಸ್ಥೆ. ಭಾರ ಹೆಚ್ಚಿದಷ್ಟೂ ಪಟ್ಟಿ ಗೋಡೆಗೆ ಬಿಗಿಯಾಗಿ ಕೂರುವುದು ಇದರ ಜಾಣತನ. ಮರಗೆಲಸವೇ ಹವ್ಯಾಸವಾಗಿರುವವರಿಗೆ ಇದನ್ನು ಮಾಡುವುದೇ ಒಂದು ಸಂತೋಷ. ಆದರೆ ಪ್ರತಿಯೊಂದು ಸಲಕರಣೆಗೂ ಒಂದೊಂದು ಗೂಡು ಮಾಡಿಕೊಳ್ಳಬೇಕು, 18 ಮಿ.ಮೀ. ಪ್ಲೈವುಡ್ ಸಾಕಷ್ಟು ಬೇಕು, ಕೂಲಿ ಕೊಟ್ಟು ಮಾಡಿಸಿದರೆ ಖರ್ಚು ಏರುತ್ತದೆ. ನಲ್ಲಿ ರಿಪೇರಿ, ಬಲ್ಬ್ ಹೋಲ್ಡರ್ ಬದಲಾವಣೆಯಷ್ಟೇ ಮಾಡುವ ಮನೆಗೆ ಇದು ಅತಿಯಾಯಿತು.

ಈ ಮೂರಕ್ಕೂ ಗೋಡೆಯ ಜಾತಿ ತಿಳಿದಿರಬೇಕು. ಗಾರೆಯ ಪದರ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಇರುತ್ತದೆ ಮತ್ತು ಅದು ಯಾವ ಭಾರವನ್ನೂ ಹೊರುವುದಿಲ್ಲ. ಸ್ಕ್ರೂ ಅದನ್ನು ದಾಟಿ ಇಟ್ಟಿಗೆಯೊಳಗೆ ಇಳಿಯಬೇಕಾದ್ದರಿಂದ 50 ಮಿ.ಮೀ.ಗಿಂತ ಗಿಡ್ಡ ಸ್ಕ್ರೂ ಬೇಡ. ಸುಟ್ಟ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕುಗಳಲ್ಲಿ 8 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ಗು ಚೆನ್ನಾಗಿ ಹಿಡಿಯುತ್ತದೆ. ಟೊಳ್ಳು ಬ್ಲಾಕಿನಲ್ಲಿ ಡ್ರಿಲ್ ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಅಲ್ಲಿ ಪ್ಲಗ್ಗಿಗೆ ಹಿಡಿತವಿಲ್ಲವೆಂದು ಅರ್ಥ. ತುಸು ಪಕ್ಕಕ್ಕೆ ಸರಿದು ಗಟ್ಟಿ ಭಾಗ ಹುಡುಕಬೇಕು. ಹೊಸ ಅಪಾರ್ಟ್‌ಮೆಂಟುಗಳ ಹಗುರ ಎಎಸಿ (ಒಳಗೆಲ್ಲ ಗಾಳಿಗುಳ್ಳೆಗಳಿರುವ ಕಾಂಕ್ರೀಟ್) ಬ್ಲಾಕಿಗೆ ಅದಕ್ಕೆಂದೇ ಬರುವ ಪ್ಲಗ್ಗು ಕೇಳಬೇಕು. ಮುರಕಲ್ಲಿನ ಗೋಡೆಯಲ್ಲಿ ತೂತು ಬೇಗ ಅಗಲವಾಗುವುದರಿಂದ ಉದ್ದನೆಯ ಪ್ಲಗ್ಗು ಹಾಕಿ, ಭಾರವನ್ನು ನಾಲ್ಕರ ಬದಲು ಎಂಟು ಕಡೆ ಹಂಚುವುದು ಕ್ಷೇಮ. ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ತೂಗುಹಾಕುವ ಆಲೋಚನೆಯನ್ನೇ ಬಿಟ್ಟು ನೆಲದ ಮೇಲೆ ನಿಲ್ಲುವ ವ್ಯವಸ್ಥೆಗೆ ಹೋಗಿ.

ಇನ್ನೊಂದು ಎಚ್ಚರ: ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆ ಬಡಿಯುವ ಪಡುವಣ ಗೋಡೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಹಲಗೆ ಒಳಗೋಡೆಯ ಮೇಲೆ ಇರಲಿ.

ಆಂಗಲ್ ರ‍್ಯಾಕ್

ಅಂಗಡಿ, ಗೋದಾಮು, ಕಚೇರಿಗಳಲ್ಲೆಲ್ಲ ಕಾಣುವ, ಉದ್ದಕ್ಕೂ ತೂತುಗಳಿರುವ ಉಕ್ಕಿನ ಆಂಗಲ್‌ಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸಿದ ರ‍್ಯಾಕ್ ಇದು. ಖರ್ಚಿಗೆ ಹೋಲಿಸಿದರೆ ಇದರಷ್ಟು ಭಾರ ಹೊರುವ ಇನ್ನೊಂದು ಸಾಧನ ಇಲ್ಲ. ಗೋಡೆಯ ಹಂಗಿಲ್ಲ, ಬಿಚ್ಚಿ ಸಾಗಿಸಬಹುದು, ತಟ್ಟೆಗಳ ಎತ್ತರವನ್ನು ಬೇಕಾದಂತೆ ಬದಲಾಯಿಸಬಹುದು, ಒಂದು ತಟ್ಟೆ ಬಾಗಿದರೆ ಅದೊಂದನ್ನೇ ಹೊಸದು ತರಬಹುದು. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆಯ ಆಸುಪಾಸಿನಲ್ಲಿ ವಿಚಾರಿಸಬಹುದು. ಬೇರೆ ಊರುಗಳಲ್ಲಿ ಸ್ಟೀಲ್ ಪೀಠೋಪಕರಣದ ಅಂಗಡಿಗಳಲ್ಲಿ ಹೇಳಿದ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಮುಚ್ಚಿದ ಅಂಗಡಿಗಳಿಂದ ಬಂದ ಹಳೆಯ ರ‍್ಯಾಕುಗಳು ಗುಜರಿಯಲ್ಲಿ ಸಿಕ್ಕರೆ ಇನ್ನೂ ಅಗ್ಗ. ಮರಳು ಕಾಗದದಿಂದ ಉಜ್ಜಿ ಒಂದು ಕೈ ರೆಡ್ ಆಕ್ಸೈಡ್, ಮೇಲೊಂದು ಕೈ ಬಣ್ಣ ಹೊಡೆದರೆ ಹೊಸದಕ್ಕೇನೂ ಕಡಿಮೆಯಿರುವುದಿಲ್ಲ.

ಕೊಳ್ಳುವಾಗ ಗೇಜಿನ ವಿಷಯದಲ್ಲಿ ಮೋಸ ಹೋಗಬಾರದು. ಗೇಜಿನ ಅಂಕೆ ಕಡಿಮೆಯಾದಷ್ಟೂ ತಗಡು ದಪ್ಪ. ನಿಲ್ಲುವ ಕಂಬಕ್ಕೆ 14 ಗೇಜ್, ಎಂದರೆ ಸುಮಾರು 2 ಮಿ.ಮೀ. ಇರಲಿ. ತಟ್ಟೆ 22 ಗೇಜಿನದಾದರೆ ಪೇಂಟ್ ಡಬ್ಬಿಗಳ ಭಾರಕ್ಕೆ ನಡುವೆ ಜೋಲುತ್ತದೆ. ಮೊಳೆ, ಯಂತ್ರ, ಪೇಂಟು ಇಡುವ ಕೆಳಗಿನ ಎರಡು ತಟ್ಟೆಗಳಿಗಾದರೂ 18 ಅಥವಾ 20 ಗೇಜ್ ಕೇಳಿ. ಮೂಲೆಗಳಿಗೆ ಹಾಕುವ ತ್ರಿಕೋನಾಕಾರದ ಪ್ಲೇಟುಗಳನ್ನು ಉಳಿತಾಯದ ಹೆಸರಿನಲ್ಲಿ ಬಿಡುವವರಿದ್ದಾರೆ. ಅವು ಇಲ್ಲದ ರ‍್ಯಾಕ್ ಅಲ್ಲಾಡುತ್ತದೆ. ಭಾರವೆಲ್ಲ ಕೆಳಗೆ, ಹಗುರವಾದದ್ದು ಮೇಲೆ. ಮೇಲ್ತುದಿಯನ್ನು ಗೋಡೆಗೆ ಒಂದು ಸ್ಕ್ರೂವಿನಿಂದಾದರೂ ಕಟ್ಟಿ. ಮಕ್ಕಳು ಹತ್ತುವ ಮನೆಯಲ್ಲಿ ಇದು ಕಡ್ಡಾಯ.

ಇದರ ದೋಷ, ಎಲ್ಲವೂ ತೆರೆದೇ ಇರುವುದು. ಧೂಳು ಕೂರುತ್ತದೆ, ಇಲಿ ಓಡಾಡುತ್ತದೆ, ಸಣ್ಣ ಸಾಮಾನು ಹಿಂದಕ್ಕೆ ಸರಿದು ಮರೆಯಾಗುತ್ತದೆ. ಹದಿನೆಂಟು ಇಂಚು ಆಳದ ತಟ್ಟೆಯಲ್ಲಿ ಹಿಂದಿನ ಸಾಲಿಗೆ ಹೋದ ವಸ್ತು ಅಲ್ಲಿಗೆ ಕಳೆದುಹೋದಂತೆಯೇ. ಆದ್ದರಿಂದ ಪೇಂಟ್ ಬಕೆಟ್ಟು, ದೊಡ್ಡ ಯಂತ್ರ ಇಲ್ಲದವರು ಹನ್ನೆರಡು ಇಂಚಿಗೇ ನಿಲ್ಲುವುದು ಒಳ್ಳೆಯದು. ನಮ್ಮಲ್ಲಿ ಕಾರ್ ಶೆಡ್ಡನ್ನು ಪೈಪು ಹಿಡಿದು ತೊಳೆಯುವ ಅಭ್ಯಾಸ ಇರುವುದರಿಂದ ಕೆಳಗಿನ ತಟ್ಟೆ ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಕಾಲುಗಳ ಕೆಳಗೆ ಪ್ಲಾಸ್ಟಿಕ್ ಬೂಟೋ ಗ್ರಾನೈಟ್ ಚೂರೋ ಇರಬೇಕು. ಕರಾವಳಿಯವರು ಸಾಧ್ಯವಾದರೆ ಸತುವು ಲೇಪಿಸಿದ ಜಿಐ ಆಂಗಲ್ ಕೊಳ್ಳಲಿ. ಬಣ್ಣ ಮಾತ್ರ ಬಳಿದ ಆಂಗಲ್ ಕತ್ತರಿಸಿದ ತುದಿಗಳಿಂದ ತುಕ್ಕು ಹಿಡಿಯಲು ಶುರುವಾಗುತ್ತದೆ.

ಅಡಿಕೆ ತೋಟದ ಮನೆಗಳಿಗೆ ಒಂದು ಪ್ರತ್ಯೇಕ ಮಾತು. ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಕಬ್ಬಿಣದ ರ‍್ಯಾಕಿನ ಮೇಲಾಗಲಿ ಸಲಕರಣೆಗಳ ಹತ್ತಿರವಾಗಲಿ ಇಡಬೇಡಿ. ತೇವಗೊಂಡ ಮೈಲುತುತ್ತ ತಗುಲಿದಲ್ಲಿ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದ್ದಿ, ಕೆಂಪು ಲೇಪ ಕೂರುತ್ತದೆಯೇ ಎಂದು ನೋಡುವ ಪರೀಕ್ಷೆಯ ಹಿಂದಿರುವುದೂ ಇದೇ ಕ್ರಿಯೆ. ಯೂರಿಯಾದಂಥ ಗೊಬ್ಬರಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಇವೆಲ್ಲ ಮರದ ಅಟ್ಟಣಿಗೆಯ ಮೇಲೆ, ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ, ಬೇರೆಯದೇ ಕಡೆ ಇರಲಿ.

ಕಬ್ಬಿಣದ ಬೀರು

ಬೀಗ, ಧೂಳಿನಿಂದ ರಕ್ಷಣೆ, ಇಲಿಯಿಂದ ರಕ್ಷಣೆ ಈ ಮೂರೂ ಬೇಕೆಂದರೆ ಬೀರುವಿಗೆ ಸಮನಾದದ್ದಿಲ್ಲ. ಬಾಗಿಲಿಲ್ಲದ ಪೋರ್ಟಿಕೋ, ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗು, ಉಳಿ ಗರಗಸಗಳನ್ನು ಮುಟ್ಟುವ ವಯಸ್ಸಿನ ಮಕ್ಕಳು, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಬೀರುವಿನ ಹೆಚ್ಚಿನ ಬೆಲೆ ಸಾರ್ಥಕ. ಪಾರ್ಕಿಂಗಿನಲ್ಲಿ ಇಡುವುದಾದರೆ ಸಂಘದ ಒಪ್ಪಿಗೆ ಮೊದಲು ಪಡೆಯಬೇಕು. ಬಟ್ಟೆಗೆಂದು ಬಳಸಿ ಬಿಟ್ಟ ಹಳೆಯ ಬೀರು ಮನೆಯಲ್ಲಿದ್ದರೆ ಒಂದೆರಡು ತಟ್ಟೆ ಹೆಚ್ಚಿಸಿ, ಬಾಗಿಲ ಒಳಮೈಗೆ ಅಯಸ್ಕಾಂತದ ಪಟ್ಟಿ ಅಂಟಿಸಿ ಸ್ಪ್ಯಾನರ್, ಸ್ಕ್ರೂಡ್ರೈವರುಗಳನ್ನು ಅಲ್ಲೇ ನಿಲ್ಲಿಸಬಹುದು.

ಆದರೆ ಮುಚ್ಚಿದೆ ಎಂದ ಮಾತ್ರಕ್ಕೆ ಒಣಗಿದೆ ಎಂದಲ್ಲ. ಬೀರುವಿನ ಬಾಗಿಲ ಸಂದಿಯಲ್ಲಿ ತೇವದ ಗಾಳಿ ಸರಾಗವಾಗಿ ನುಗ್ಗುತ್ತದೆ, ಹೊರಗೆ ಬಿಸಿಲು ಬಂದಾಗ ಹೊರಹೋಗಲು ಮಾತ್ರ ತಡಮಾಡುತ್ತದೆ. ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವವರಿದ್ದಾರೆ. ನೂರು ಗ್ರಾಂ ಸಿಲಿಕಾ ಜೆಲ್ ಹೆಚ್ಚೆಂದರೆ ಸುಮಾರು 30ರಿಂದ 40 ಗ್ರಾಂ ನೀರು ಹಿಡಿಯಬಲ್ಲದು. ಇಷ್ಟು ಸಂದಿಯಿರುವ ಬೀರುವಿನಲ್ಲಿ ಮಲೆನಾಡಿನ ಆಷಾಢದಲ್ಲಿ ಅದು ಬೇಗನೆ ಸೋತುಹೋಗುತ್ತದೆ. ಅದೇ ಜೆಲ್ಲನ್ನು ರಬ್ಬರ್ ಬಳೆಯ ಮುಚ್ಚಳವಿರುವ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ, ಡ್ರಿಲ್ ಬಿಟ್, ಉಳಿ, ಕೀಸುಳಿಯ ಅಲಗು, ವರ್ನಿಯರ್ ಕ್ಯಾಲಿಪರ್ ಇವುಗಳನ್ನು ಅದರೊಡನೆ ಇಟ್ಟರೆ ಮಳೆಗಾಲ ದಾಟುತ್ತದೆ. ಬಣ್ಣ ಬದಲಾದ ಜೆಲ್ಲನ್ನು ಸುಮಾರು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಪಾತ್ರೆಯಲ್ಲಿ ಹುರಿಯದೆ ಕಿತ್ತಳೆ ಬಣ್ಣದ್ದನ್ನು ಕೊಳ್ಳುವುದು ಮೇಲು. ಚರ್ಮದ ಚೀಲ ಮತ್ತು ಸ್ಪಂಜಿನ ಹಾಸು ತೇವವನ್ನು ಹಿಡಿದಿಟ್ಟು ಅಲಗನ್ನು ಕೆಡಿಸುತ್ತವೆ. ಒರೆಸಲು ಕೊಬ್ಬರಿ ಎಣ್ಣೆ ಬಳಸುವ ರೂಢಿ ನಮ್ಮಲ್ಲಿ ಬಹಳ. ಅದು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಕಾಲಕ್ರಮದಲ್ಲಿ ಕಮಟುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೇ ವಾಸಿ.

ಬೀರುವಿನೊಳಗೆ ಇಡಬಾರದ ವಸ್ತುಗಳೂ ಇವೆ. ಬ್ಲೀಚಿಂಗ್ ಪೌಡರ್, ಟೈಲ್ಸ್ ತೊಳೆಯುವ ಆ್ಯಸಿಡ್ ಇವುಗಳಿಂದ ಹೊರಡುವ ಆವಿ ಮುಚ್ಚಿದ ಜಾಗದಲ್ಲಿರುವ ಉಕ್ಕನ್ನೆಲ್ಲ ತುಕ್ಕು ಹಿಡಿಸುತ್ತದೆ. ಥಿನ್ನರ್, ಟರ್ಪೆಂಟೈನುಗಳನ್ನು ಬಿಸಿಲಿಗೆ ಕಾಯುವ ತಗಡಿನ ಪೆಟ್ಟಿಗೆಯಲ್ಲಿ ಬಿಗಿಯಬಾರದು. ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದಿಟ್ಟರೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಿಯೇ ಬಿಸಾಡಬೇಕು. ಬ್ಯಾಟರಿ ಡ್ರಿಲ್ಲಿನ ಲಿಥಿಯಂ ಬ್ಯಾಟರಿಯನ್ನು ಶೀಟಿನ ಛಾವಣಿಯ ಕೆಳಗೆ ಬಿಡದೆ ಅರ್ಧದಷ್ಟು ಚಾರ್ಜ್ ಉಳಿಸಿ ಮನೆಯೊಳಗೆ ತಂಪಾದ ಕಡೆ ಇಡಿ. ಉತ್ತರ ಕರ್ನಾಟಕದ ಬೇಸಗೆಯಲ್ಲಿ ಈ ಮಾತಿಗೆ ಇನ್ನೂ ಬೆಲೆ.

ಪೆಟ್ಟಿಗೆ, ಟ್ರಾಲಿ, ಸಣ್ಣ ಡಬ್ಬಿಗಳು

ಕೆಲಸ ಶೆಡ್ಡಿನಲ್ಲಿ ಆಗುವುದಿಲ್ಲ, ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಆಗುತ್ತದೆ ಎಂದಾದರೆ ಸಲಕರಣೆಯೇ ಕೆಲಸದ ಕಡೆಗೆ ಹೋಗಬೇಕು. ಬಿಚ್ಚಿದರೆ ಎರಡೂ ಕಡೆಗೆ ತೆರೆದುಕೊಳ್ಳುವ ಐದು ಟ್ರೇಗಳ ಉಕ್ಕಿನ ಟೂಲ್ ಬಾಕ್ಸ್ ಬಹುಕಾಲ ಬಾಳುತ್ತದೆ. ಆದರೆ ತುಂಬಿದ ಮೇಲೆ ವಯಸ್ಸಾದವರು ಹೊತ್ತು ಮಹಡಿ ಹತ್ತುವುದು ಕಷ್ಟ. ಪ್ಲಾಸ್ಟಿಕ್ ಬಾಕ್ಸ್ ಹಗುರ, ಆದರೆ ಬಿಸಿಲಿನಲ್ಲಿಟ್ಟರೆ ವರ್ಷಗಳಲ್ಲಿ ಸೀಳುತ್ತದೆ. ಮನೆಗೆ ಬಣ್ಣ ಹೊಡೆಸಿದಾಗ ಉಳಿಯುವ 20 ಲೀಟರಿನ ಖಾಲಿ ಬಕೆಟ್ಟಿನ ಹೊರಮೈಗೆ ಜೇಬುಗಳಿರುವ ಬಟ್ಟೆ ಕಟ್ಟಿಕೊಂಡರೆ ಅದೇ ಒಳ್ಳೆಯ ಟೂಲ್ ಬಾಕ್ಸ್. ತಿರುಗಿಸಿಟ್ಟರೆ ಕೂರುವ ಪೀಠವೂ ಹೌದು.

ಡ್ರಾಯರುಗಳ ಟ್ರಾಲಿ ನೋಡಲು ಆಸೆ ಹುಟ್ಟಿಸುವ ವಸ್ತು. ವಾಹನ ರಿಪೇರಿಯನ್ನು ಗಂಭೀರವಾಗಿ ಮಾಡುವವರಿಗೆ ಅದು ನ್ಯಾಯವಾದ ಖರ್ಚು. ಉಳಿದವರು ಮೊದಲು ನೆಲವನ್ನು ನೋಡಲಿ. ನಮ್ಮ ಪೋರ್ಟಿಕೋಗಳ ನೆಲ ನೀರು ಹರಿಯಲೆಂದು ಗೇಟಿನ ಕಡೆಗೆ ಇಳಿಜಾರಾಗಿರುತ್ತದೆ, ಮೇಲೆ ಗೆರೆ ಗೆರೆಯ ಪಾರ್ಕಿಂಗ್ ಟೈಲ್ಸ್. ತುಂಬಿದ ಟ್ರಾಲಿ ಅಲ್ಲಿ ಒಂದೋ ಉರುಳುತ್ತದೆ, ಇಲ್ಲವೇ ಅಲುಗುವುದೇ ಇಲ್ಲ.

ಮೊಳೆ, ಸ್ಕ್ರೂ, ವಾಷರ್, ಪ್ಲಗ್ಗು, ಫ್ಯೂಸು ಮುಂತಾದವುಗಳಿಗೆ ಮಾರುಕಟ್ಟೆಯಲ್ಲಿ ನೂರು ಬಗೆಯ ಡಬ್ಬಿಗಳಿವೆ, ಯಾವುದಾದರೂ ಆದೀತು. ಪಾರದರ್ಶಕವಾಗಿರಲಿ, ಎಲ್ಲವೂ ಒಂದೇ ಅಳತೆಯವಾಗಿರಲಿ, ಮುಖದ ಮೇಲೆ ಚೀಟಿ ಇರಲಿ. ಇಲಿಯ ಕಾಟವಿರುವಲ್ಲಿ ವೈರು, ರಬ್ಬರ್ ವಾಷರುಗಳಿಗೆ ಬಿಸ್ಕತ್ತಿನ ತಗಡಿನ ಡಬ್ಬಿಯೇ ಸರಿ. ಗಾಜಿನ ಬಾಟಲಿಗಳನ್ನು ತಟ್ಟೆಯ ಅಡಿಗೆ ತೂಗಿಸುವ ಉಪಾಯ ಚಿತ್ರದಲ್ಲಿ ಚೆಂದ, ಸಿಮೆಂಟ್ ನೆಲದ ಮೇಲೆ ಅಲ್ಲ. ರಟ್ಟಿನ ಪೆಟ್ಟಿಗೆಗಳನ್ನು ಶೆಡ್ಡಿನಲ್ಲಿ ಇಡುವುದೆಂದರೆ ಗೆದ್ದಲನ್ನೂ ಜಿರಳೆಯನ್ನೂ ಕರೆದು ಕೂರಿಸಿದಂತೆ.

ಪಿವಿಸಿ ಪೈಪು, ಏಣಿ, ದೋಟಿ ಮುಂತಾದ ಉದ್ದನೆಯವಕ್ಕೆ ಗೋಡೆಯ ಮೇಲ್ಭಾಗದಲ್ಲಿ ಮೂರು ಮೂರು ಅಡಿಗೊಂದು ಬ್ರಾಕೆಟ್ ಹೊಡೆದು ಮಲಗಿಸುವುದೇ ದಾರಿ. ಅದಕ್ಕಿಂತ ದೂರ ಕೊಟ್ಟರೆ ಪೈಪು ಬಾಗುತ್ತದೆ. ಸಜ್ಜೆಯ ಮೇಲೆ ವರ್ಷಕ್ಕೊಮ್ಮೆ ಬೇಕಾಗುವ ಹಗುರ ವಸ್ತುಗಳಷ್ಟೇ ಇರಲಿ. ಹಾರೆ, ಗುದ್ದಲಿ, ಪಿಕಾಸಿಗಳನ್ನು ತಲೆ ಮೇಲೆ ತೂಗುಹಾಕದೆ ಮೂಲೆಯಲ್ಲಿ ಒಂದು ಅಡ್ಡಪಟ್ಟಿ ಕೊಟ್ಟು ನಿಲ್ಲಿಸಬೇಕು.

ಯಾರಿಗೆ ಯಾವುದು

ಬಾಡಿಗೆ ಮನೆಯಲ್ಲಿ, ವಿಶೇಷವಾಗಿ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರು ಗೋಡೆಗೆ ಒಂದು ತೂತನ್ನೂ ಹೊಡೆಯಬೇಕಾಗಿಲ್ಲ. ಒಂದು ಟೂಲ್ ಬಾಕ್ಸ್, ಒಂದು ಖಾನೆಗಳ ಡಬ್ಬಿ, ಸಿಟ್‌ಔಟ್ ಅಥವಾ ಯುಟಿಲಿಟಿಯಲ್ಲಿ ಹನ್ನೆರಡು ಇಂಚು ಆಳದ ಸಣ್ಣ ಆಂಗಲ್ ರ‍್ಯಾಕ್. ಮನೆ ಬದಲಾಯಿಸುವಾಗ ಎಲ್ಲವೂ ಟೆಂಪೊದಲ್ಲಿ ಬರುತ್ತದೆ. ಖರ್ಚಿಗೆ ಎರಡು ಸಾವಿರವಷ್ಟೇ ಇದ್ದರೆ ರ‍್ಯಾಕನ್ನು ಮುಂದಕ್ಕೆ ಹಾಕಿ ಪೆಟ್ಟಿಗೆಗೆ ಆದ್ಯತೆ ಕೊಡಿ.

ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ 30-40 ಅಡಿಯ ನಿವೇಶನದ ಸ್ವಂತ ಮನೆ, ಗೇಟಿನೊಳಗೆ ಕಾರು, ವಾರಾಂತ್ಯದಲ್ಲಿ ತುಸು ಕೈಕೆಲಸ: ಇವರಿಗೆ ನಾನು ಹೇಳುವುದು ಪ್ಲೈವುಡ್ ಹಲಗೆ ಮತ್ತು ಒಂದೇ ಒಂದು ಆಂಗಲ್ ರ‍್ಯಾಕಿನ ಜೋಡಿಯನ್ನು. ದಿನಬಳಕೆಯ ಹದಿನೈದು ಇಪ್ಪತ್ತು ಸಲಕರಣೆಗಳು ಹಲಗೆಯ ಮೇಲೆ, ಡ್ರಿಲ್, ಗ್ರೈಂಡರ್, ಪೇಂಟು, ಮೊಳೆಗಳು ರ‍್ಯಾಕಿನಲ್ಲಿ. ಐದರಿಂದ ಎಂಟು ಸಾವಿರದ ಅಂದಾಜಿನಲ್ಲಿ ಹೊರಟರೆ ಪ್ಲೈವುಡ್ಡಿನ ದರ್ಜೆ, ಗೇಜು, ಊರಿನ ಕೂಲಿಗೆ ತಕ್ಕಂತೆ ತುಸು ಹಿಂದೆ ಮುಂದೆ ಆಗಬಹುದು. ಬೀರು ಬೇಕೇ ಬೇಡವೇ ಎನ್ನುವುದನ್ನು ಗೇಟಿನ ಎತ್ತರ ಮತ್ತು ಮಕ್ಕಳ ವಯಸ್ಸು ನಿರ್ಧರಿಸಲಿ.

ಕರಾವಳಿ ಮತ್ತು ಮಲೆನಾಡಿನವರು ಕ್ರಮವನ್ನು ತಿರುಗಿಸಬೇಕು. ಅಲ್ಲಿ ಮೊದಲ ಖರ್ಚು ರಬ್ಬರ್ ಮುಚ್ಚಳದ ಡಬ್ಬಿಗಳಿಗೆ, ಎಣ್ಣೆಗೆ, ಜೆಲ್ಲಿಗೆ. ಎರಡನೆಯದು ಜಿಐ ಆಂಗಲ್ ರ‍್ಯಾಕಿಗೆ. ಗೋಡೆಯ ಮೇಲೆ ಮರದ ಹಿಡಿಯ, ಬಣ್ಣ ಬಳಿದ, ಒರಟು ಕೆಲಸದ ಸಲಕರಣೆಗಳು ಮಾತ್ರ ಇರಲಿ, ಹರಿತವಾದ ಮತ್ತು ಅಳತೆಯ ಸಲಕರಣೆಗಳು ಜೂನ್‌ಗೆ ಮೊದಲೇ ಡಬ್ಬಿ ಸೇರಲಿ. ಕಳೆ ಕೊಚ್ಚುವ ಯಂತ್ರ, ಸ್ಪ್ರೇಯರುಗಳಿರುವ ತೋಟದ ಮನೆಗೆ ಹದಿನೆಂಟು ಇಂಚಿನ ತಟ್ಟೆ ಅನಿವಾರ್ಯ. ಮೈಲುತುತ್ತಕ್ಕೆ ಬೇರೆ ಮೂಲೆ.

ಎಲೆಕ್ಟ್ರಿಷಿಯನ್, ಪ್ಲಂಬರ್ ಅಥವಾ ಬಡಗಿಯ ಕೆಲಸವನ್ನೇ ವೃತ್ತಿಯಾಗಿ ಮಾಡುವವರಿಗೆ ಮನೆಯ ಶೆಡ್ಡು ಕೆಲಸದ ಜಾಗವಲ್ಲ, ದಾಸ್ತಾನು. ಅವರಿಗೆ ಬೀಗವಿರುವ ಬೀರುವೂ ಬೈಕಿನ ಮೇಲೆ ಕೂರುವ ಚೀಲವೂ ಬೇಕು, ಗೋಡೆಯ ಹಲಗೆಯಿಂದ ದೊಡ್ಡ ಪ್ರಯೋಜನವಿಲ್ಲ. ಬೀರುವಿಗೆ ಹತ್ತು ಸಾವಿರದ ಮೇಲೆ ಹಾಕಬೇಕಾದೀತು. ಬಳಸಿದ ಕಚೇರಿ ಬೀರು ಸಿಕ್ಕರೆ ಆ ಹಣದಲ್ಲಿ ಒಂದು ಪಾಲು ಉಳಿಯುತ್ತದೆ. ಕೊಳ್ಳುವ ಮೊದಲು ಬೀಗ ತಿರುಗಿಸಿ ನೋಡಿ, ತಳದ ತಗಡಿಗೆ ಬೆರಳು ಒತ್ತಿ ನೋಡಿ. ಹಳೆಯ ಬೀರುಗಳು ಒಳಗಿನಿಂದಲ್ಲ, ನೆಲ ತೊಳೆದ ನೀರು ತಾಗುವ ತಳದಿಂದ ಹಾಳಾಗುತ್ತವೆ.